ಹಳೆಯ ಇ-ಮೇಲುಗಳ ಉದ್ಧಾರ

ಹಳೆಯ ಬರಹಗಳ ಸಂರಕ್ಷಣೆಯೆಂದರೆ ಕಲ್ಲು, ತಾಮ್ರಪಟ, ತಾಳೆಗರಿ, ಕಾಗದ ಇವುಗಳನ್ನು ಮಳೆ, ಬಿಸಿಲು, ಗೆದ್ದಲುಗಳಿಂದ ಕಾಪಾಡುವುದೆಂದೇ ನಮ್ಮಲ್ಲಿ ಅನೇಕರು ಭಾವಿಸಿರುವರು. ಇದು ಅರ್ಧಸತ್ಯವು ಮಾತ್ರ. ಬರಹವು ಎರಡು ವಿಧದಿಂದ ನಾಶವಾಗುವುದುಂಟು. ಬರೆದ ವಸ್ತುವು ಹಾಳಾಗುವುದು ಒಂದು; ವಸ್ತುವು ಅಕ್ಷತವಾಗಿದ್ದರೂ ಅದನ್ನು ಓದುವ ವಿದ್ಯೆಯು ಲೋಕದಲ್ಲಿ ಇಲ್ಲದೆ ಹೋಗುವುದು ಮತ್ತೊಂದು. ಅಶೋಕನ ಶಾಸನಗಳು ಈ ಎರಡನೆಯದಕ್ಕೆ ಪ್ರಸಿದ್ಧವಾದ ನಿದರ್ಶನ. ಬಂಡೆಗಳು ಇದ್ದ ಸ್ಥಳದಲ್ಲಿಯೇ ಇದ್ದುವು, ಅಕ್ಷರಗಳೂ ಅಳಿದಿರಲಿಲ್ಲ, ಆದರೂ ಅನೇಕ ಶತಮಾನಗಳ ಕಾಲ ಅವುಗಳ ಮುಂದೆ ಹಾದುಹೋದ ಪಂಡಿತ ಪಾಮರರಲ್ಲಿ ಒಬ್ಬರಿಗೂ ಅವುಗಳ ಅರ್ಥವು ತಿಳಿಯಲಿಲ್ಲ. ೧೮೩೭ರಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ಎಂಬವರು, ಸಾಂಚಿಯ ಸ್ತೂಪದ ಕಟಾಂಜನದ ಮೇಲಣ ಚಿಕ್ಕ ಚಿಕ್ಕ ಬರಹಗಳು ಒಂದೇ ಬಗೆಯ ಅಕ್ಷರಗಳಿಂದ ಮುಗಿಯುವುದನ್ನು ಕಂಡು, ಅದು ದಾನವನ್ನು ಹೇಳುವ ಪದವಾಗಿರಬೇಕೆಂದು ಊಹಿಸಿದರು. "ದಾನಂ" ಎಂಬ ಆ ಒಂದು ಮಾತೇ ಬ್ರಾಹ್ಮೀಲಿಪಿಗೆ ಬೀಗದ ಕೈಯಾಯಿತು.

ಪ್ರಕೃತ ಲೇಖನದ ವಿಷಯವು ಅಷ್ಟು ಪ್ರಾಚೀನವಾದುದಲ್ಲ. ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ಗಣಕಯಂತ್ರಗಳ ಮೂಲಕ ಬಂದು, ಯಾವುದೋ ಒಂದು ಹಳೆಯ ಫೈಲಿನೊಳಗೆ ಸೇರಿಕೊಂಡು, ಈಗ ತೆರೆಯಲು ಬಾರದೆ ಇರುವ ಇ-ಮೇಲುಗಳನ್ನು ಕುರಿತು ಇಲ್ಲಿ ಎರಡು ಮಾತು ಹೇಳಬೇಕೆಂದಿದ್ದೇನೆ. ಬ್ರಾಹ್ಮಿಯನ್ನು ಮರೆಯಲು ನಮ್ಮವರಿಗೆ ಶತಮಾನಗಳು ಬೇಕಾದುವು. ಇ-ಮೇಲಿನ ಪೆಟ್ಟಿಗೆಯನ್ನು ಮರೆಯಲು ಹದಿನೈದು ವರ್ಷಗಳು ಸಾಕಾದುವು. ಆದರೆ ಎಲ್ಲ ಪೆಟ್ಟಿಗೆಗಳೂ ಒಂದೇ ಸಮನಾಗಿ ಮುಚ್ಚಿಹೋಗಲಿಲ್ಲ. ಕೆಲವು ಇಂದಿಗೂ ಸುಲಭವಾಗಿ ತೆರೆಯುವುವು. ಕೆಲವಕ್ಕೆ ಬಹಳ ಶ್ರಮ ಬೇಕು. ಕೆಲವಂತೂ ತೆರೆಯುವುದೇ ಇಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ವಿಚಾರಿಸಿದರೆ, ನಮ್ಮ ಮನೆಗಳಲ್ಲಿರುವ ಪತ್ರಗಳನ್ನು ಮುಂದಿನವರಿಗೆ ಉಳಿಸುವ ದಾರಿಯೂ ಗೊತ್ತಾಗುವುದು.

ಮೊದಲು ಪತ್ರದ ಹುಟ್ಟನ್ನು ನೋಡೋಣ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಪಟ್ಟಣದಲ್ಲಿ ರೇ ಟಾಮ್ಲಿನ್‌ಸನ್ ಎಂಬ ಯಂತ್ರಜ್ಞರು ೧೯೭೧ರಲ್ಲಿ ಒಂದು ಗಣಕಯಂತ್ರದಿಂದ, ಜಾಲದ ಮೂಲಕ, ಪಕ್ಕದಲ್ಲಿಯೇ ಇದ್ದ ಇನ್ನೊಂದು ಯಂತ್ರಕ್ಕೆ ಸಂದೇಶವನ್ನು ಕಳುಹಿಸಿದರು. ಓಲೆಯನ್ನು ಪಡೆಯುವವನ ಹೆಸರನ್ನೂ ಅವನ ಯಂತ್ರದ ಹೆಸರನ್ನೂ ಬೇರ್ಪಡಿಸಲು ಅವರು ಆರಿಸಿಕೊಂಡ, ಸುತ್ತುಹಾಕಿದ ರೋಮನ್ ಅಕ್ಷರದಂತಿರುವ "ಅಟ್" ಚಿಹ್ನೆಯೇ ಇಂದು ಲೋಕವಿಖ್ಯಾತವಾಗಿದೆ. ಆ ಪ್ರಥಮ ಸಂದೇಶವು ಉಳಿದಿಲ್ಲ. ಅದರಲ್ಲಿ ಏನಿತ್ತೆಂಬುದು ಬರೆದವರ ನೆನಪಿನಲ್ಲಿಯೂ ನಿಲ್ಲಲಿಲ್ಲ. ಪರೀಕ್ಷೆಗಾಗಿ ಬರೆದುದನ್ನು ಕಾಪಾಡಬೇಕೆಂದು ಆಗ ಯಾರಿಗೂ ತೋರಿರಲಿಲ್ಲ.

ಮುಂದೆ ಪತ್ರದ ರೂಪವನ್ನು ಕುರಿತು ಸರ್ವಸಮ್ಮತವಾದ ಕಟ್ಟಳೆಗಳು ಹುಟ್ಟಿದುವು. ಮೊದಲನೆಯದು ೧೯೭೩ರಲ್ಲಿ; ಬಹುಕಾಲ ಆಧಾರವಾಗಿ ನಿಂತ ಆರ್‌ಎಫ್‌ಸಿ ೮೨೨ ಎಂಬುದು ೧೯೮೨ರಲ್ಲಿ. ಯಾರಿಂದ, ಯಾರಿಗೆ, ಯಾವ ದಿನ, ಯಾವ ವಿಷಯ ಎಂಬ ಸಾಲುಗಳು ಮೇಲೆ; ಆಮೇಲೆ ಒಂದು ಖಾಲಿ ಸಾಲು; ಅದರ ಕೆಳಗೆ ಒಕ್ಕಣೆ. ನಮ್ಮ ಹಿರಿಯರು "ಕ್ಷೇಮ"ವೆಂದು ಆರಂಭಿಸಿ ಮಿತಿ ವಾರಗಳನ್ನು ಬರೆಯುತ್ತಿದ್ದ ಕ್ರಮಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ. ಈ ಕಟ್ಟಳೆಗಳನ್ನು ಯಾರು ಬೇಕಾದರೂ ಓದಬಹುದಾಗಿದ್ದಿತು, ಈಗಲೂ ಓದಬಹುದು. ಆದುದರಿಂದ ೧೯೮೫ರ ಪತ್ರವೊಂದು ಬಿಡಿಯಾಗಿ ಸಿಕ್ಕಿದರೆ ಇಂದಿನ ಯಂತ್ರವು ಅದನ್ನು ಅನಾಯಾಸವಾಗಿ ಓದುವುದು.

ಹಾಗಾದರೆ ತೊಡಕು ಎಲ್ಲಿ? ಇಲ್ಲಿ ವಾಚಕರು ಪತ್ರ ಬೇರೆ, ಪತ್ರದ ಪೆಟ್ಟಿಗೆ ಬೇರೆ ಎಂಬ ಭೇದವನ್ನು ಮನಸ್ಸಿನಲ್ಲಿಡಬೇಕು. ದಾರಿಯಲ್ಲಿ ಹೋಗುವ ಪತ್ರದ ರೂಪಕ್ಕೆ ಎಲ್ಲರೂ ಒಪ್ಪಿದ ಕಟ್ಟಳೆಯಿದ್ದಿತು. ಏಕೆಂದರೆ ಕಳುಹಿಸುವವನೂ ಪಡೆಯುವವನೂ ಬೇರೆ ಬೇರೆ. ಮನೆಗೆ ಬಂದ ಮೇಲೆ ಅದನ್ನು ಯಾವ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿಡಬೇಕೆಂಬುದಕ್ಕೆ ಅಂತಹ ನಿರ್ಬಂಧವಿರಲಿಲ್ಲ. ಒಂದೊಂದು ತಂತ್ರಾಂಶವೂ ತನ್ನ ತನ್ನ ಅನುಕೂಲಕ್ಕೆ ತಕ್ಕಂತೆ ಪೆಟ್ಟಿಗೆಯನ್ನು ಮಾಡಿಕೊಂಡಿತು. ಇದಕ್ಕೇ ಫೈಲಿನ ಫಾರ್ಮ್ಯಾಟೆಂದು ಹೆಸರು. ತಂತ್ರಾಂಶವು ನಿಂತುಹೋದಾಗ ಪೆಟ್ಟಿಗೆಯ ಕೀಲಿಕೈಯೂ ಅದರೊಡನೆ ಹೋಯಿತು. ಇಂತಹ ಪೆಟ್ಟಿಗೆಗಳಲ್ಲಿ ಮೂರನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಯೂನಿಕ್ಸ್ ಯಂತ್ರಗಳಲ್ಲಿ ೧೯೭೦ರ ದಶಕದಿಂದ ಬಳಕೆಯಲ್ಲಿದ್ದ "ಎಂಬಾಕ್ಸ್" ಎಂಬ ರೂಪ. ಇದು ಅತ್ಯಂತ ಸರಳವಾದುದು. ಬಂದ ಪತ್ರಗಳನ್ನೆಲ್ಲ ಒಂದರ ಕೆಳಗೆ ಒಂದರಂತೆ ಒಂದೇ ಫೈಲಿನಲ್ಲಿ ಬರೆದುಕೊಂಡು ಹೋಗುವುದು. ಪ್ರತಿಯೊಂದು ಪತ್ರದ ಮೊದಲಲ್ಲಿ "ಫ್ರಂ" ಎಂಬ ಪದದಿಂದ ಆರಂಭವಾಗುವ ಒಂದು ಸಾಲನ್ನು ಹಾಕುವುದು. ಪತ್ರದ ಒಕ್ಕಣೆಯೊಳಗೇ ಯಾರಾದರೂ ಆ ಪದದಿಂದ ಸಾಲನ್ನು ಆರಂಭಿಸಿದರೆ, ಯಂತ್ರವು ಅಲ್ಲಿ ಹೊಸ ಪತ್ರವು ಆರಂಭವಾಯಿತೆಂದು ಭ್ರಮಿಸದಿರಲಿ ಎಂದು ಅದರ ಹಿಂದೆ ಒಂದು ಬಾಣದ ಮೊನೆಯ ಗುರುತನ್ನು ಸೇರಿಸುತ್ತಿದ್ದರು. ಆ ಗುರುತುಗಳು ಹಳೆಯ ಪತ್ರಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಈ ರೂಪಕ್ಕೆ ಒಂದೇ ಪಾಠವಿರದೆ ನಾಲ್ಕಾರು ಪಾಠಾಂತರಗಳಿದ್ದುವು. ಇದನ್ನು ಕುರಿತ ವಿವರಣೆಯು ೨೦೦೫ರಲ್ಲಿ ಆರ್‌ಎಫ್‌ಸಿ ೪೧೫೫ ಎಂದು ಪ್ರಕಟವಾಯಿತು. ಆದರೂ ಸರಳತೆಯೇ ಇದನ್ನು ಕಾಪಾಡಿತು. ಸಾಧಾರಣವಾದ ಯಾವುದೇ ಬರಹದ ತಂತ್ರಾಂಶದಿಂದ ಫೈಲನ್ನು ತೆರೆದರೂ ಅಕ್ಷರಗಳು ಕಣ್ಣಿಗೆ ಕಾಣುವುವು. ಪ್ರಿನ್ಸೆಪರಿಗೆ "ದಾನಂ" ಎಂಬುದು ಹೇಗೋ, ಇಲ್ಲಿ "ಫ್ರಂ" ಎಂಬುದು ಹಾಗೆ.

ಎರಡನೆಯದು ಯೂಡೋರ ಎಂಬ ತಂತ್ರಾಂಶದ ಪೆಟ್ಟಿಗೆ. ಇದನ್ನು ೧೯೮೮ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸ್ಟೀವ್ ಡಾರ್ನರ್ ಎಂಬವರು ರಚಿಸಿದರು. ಅಂಚೆಕಚೇರಿಯಲ್ಲಿ ವಾಸಮಾಡುವ ಒಬ್ಬ ಹೆಂಗಸಿನ ಕಥೆಯನ್ನು ಬರೆದ ಯೂಡೋರ ವೆಲ್ಟಿ ಎಂಬ ಅಮೆರಿಕನ್ ಲೇಖಕಿಯ ಹೆಸರನ್ನೇ ಅವರು ಇದಕ್ಕೆ ಇಟ್ಟರು. ಮುಂದೆ ಕ್ವಾಲ್‌ಕಾಮ್ ಸಂಸ್ಥೆಯು ಇದನ್ನು ವಹಿಸಿಕೊಂಡು ಬೆಳೆಸಿತು. ೨೦೦೬ರ ಬಳಿಕ ಕೈಬಿಟ್ಟಿತು. ೨೦೧೮ರಲ್ಲಿ ಇದರ ಮೂಲಸಂಕೇತವು ಕ್ಯಾಲಿಫೋರ್ನಿಯದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮಿನ ಮೂಲಕ ಸಾರ್ವಜನಿಕರ ಕೈಸೇರಿತು. ಯೂಡೋರದ ಪೆಟ್ಟಿಗೆಯು ಎಂಬಾಕ್ಸಿನ ದಾಯಾದಿ; ಆದುದರಿಂದ ಓದಲು ಕಷ್ಟವಿಲ್ಲ. ಆದರೆ ಇದರಲ್ಲಿ ಒಂದು ವಿಶೇಷವುಂಟು. ಪತ್ರದೊಡನೆ ಬಂದ ಭಾವಚಿತ್ರ ಮೊದಲಾದ ಲಗತ್ತುಗಳನ್ನು ಇದು ಪತ್ರದಿಂದ ಬಿಡಿಸಿ ಬೇರೊಂದು ಕಡೆಯಲ್ಲಿಟ್ಟು, ಪತ್ರದೊಳಗೆ "ಲಗತ್ತು ಇಂತಹ ಸ್ಥಳದಲ್ಲಿದೆ" ಎಂಬರ್ಥದ ಒಂದು ಸಾಲನ್ನು ಮಾತ್ರ ಉಳಿಸುತ್ತಿದ್ದಿತು. ಪೆಟ್ಟಿಗೆಯನ್ನು ಮಾತ್ರ ನಕಲುಮಾಡಿ ಇಟ್ಟುಕೊಂಡವರಿಗೆ ಪತ್ರಗಳು ಉಳಿದುವು, ಚಿತ್ರಗಳು ಉಳಿಯಲಿಲ್ಲ.

ಮೂರನೆಯದು ಮೈಕ್ರೋಸಾಫ್ಟ್ ಸಂಸ್ಥೆಯು ೧೯೯೭ರಲ್ಲಿ ಹೊರತಂದ ಔಟ್‌ಲುಕ್ ತಂತ್ರಾಂಶದ "ಪಿಎಸ್‌ಟಿ" ಎಂಬ ಪೆಟ್ಟಿಗೆ. ಕಚೇರಿಗಳಲ್ಲಿ ಅತಿಯಾಗಿ ಹಬ್ಬಿದುದು ಇದೇ. ಇದರೊಳಗೆ ಪತ್ರಗಳು ಒಂದರ ಕೆಳಗೆ ಒಂದರಂತೆ ಇರುವುದಿಲ್ಲ. ತುಂಡು ತುಂಡಾಗಿ ಬೇರೆ ಬೇರೆ ಎಡೆಗಳಲ್ಲಿದ್ದು, ಒಳಗಣ ಸೂಚಿಯೊಂದು ಯಾವ ತುಂಡಿಗೆ ಯಾವುದು ಮುಂದಿನದೆಂಬುದನ್ನು ಹೇಳುವುದು. ಅದೂ ಅಲ್ಲದೆ ಅಕ್ಷರಗಳು ನೇರವಾಗಿ ಬರೆಯಲ್ಪಟ್ಟಿರುವುದಿಲ್ಲ. ೨೫೬ ಮನೆಗಳ ಒಂದು ಪಟ್ಟಿಯ ಪ್ರಕಾರ ಒಂದೊಂದು ಸಂಕೇತಕ್ಕೂ ಬದಲಾಗಿ ಇನ್ನೊಂದನ್ನು ಇಡುವುದು ಅದರ ರೂಢಿಯ ಪದ್ಧತಿ. ಕಾಮಸೂತ್ರವು ಎಣಿಸಿರುವ ಅರುವತ್ತುನಾಲ್ಕು ವಿದ್ಯೆಗಳಲ್ಲಿ "ಮ್ಲೇಚ್ಛಿತವಿಕಲ್ಪ"ವೆಂಬುದೊಂದುಂಟು. ಅಕ್ಷರಗಳನ್ನು ಅದಲುಬದಲು ಮಾಡಿ ಗೂಢವಾಗಿ ಬರೆಯುವುದೇ ಆ ವಿದ್ಯೆ. ಪಿಎಸ್‌ಟಿಯ ಕ್ರಮವೂ ಅದೇ ಜಾತಿಯದು. ಹೀಗಾಗಿ ಫೈಲನ್ನು ತೆರೆದು "ಫ್ರಂ" ಎಂಬುದನ್ನು ಹುಡುಕಿದರೆ ಸಿಕ್ಕುವುದಿಲ್ಲ.

ಈ ಪೆಟ್ಟಿಗೆಗೆ ಮತ್ತೊಂದು ದೋಷವೂ ಇದ್ದಿತು. ೨೦೦೨ರ ಆವೃತ್ತಿಯವರೆಗೆ ಒಂದು ಫೈಲು ೨ ಗಿಗಾಬೈಟುಗಳನ್ನು ಮೀರುವಂತಿರಲಿಲ್ಲ. ಮೇರೆಯನ್ನು ಮುಟ್ಟಿದ ಪೆಟ್ಟಿಗೆಗಳು ತೆರೆಯದಂತಾಗುತ್ತಿದ್ದುವು. ಇದಕ್ಕಾಗಿ ಸಂಸ್ಥೆಯವರು ಕೊಟ್ಟ ಉಪಕರಣವು ಫೈಲಿನ ಒಂದಷ್ಟು ಭಾಗವನ್ನು ಕತ್ತರಿಸಿ ಉಳಿದುದನ್ನು ಉಳಿಸುತ್ತಿದ್ದಿತು. ಕತ್ತರಿಸಿದ ಭಾಗದ ಪತ್ರಗಳು ಹೋದುವು. ೨೦೦೩ರ ಆವೃತ್ತಿಯಲ್ಲಿ ಹೊಸ ರೂಪವು ಬಂದು ಈ ಕಷ್ಟವು ನೀಗಿತು. ಆದರೆ ರೂಪದ ವಿವರಣೆಯು ಗುಟ್ಟಾಗಿಯೇ ಇದ್ದಿತು. ಅನೇಕ ಯಂತ್ರಜ್ಞರು ಒಳಗಿರುವುದನ್ನು ಊಹೆಯಿಂದಲೂ ಪ್ರಯೋಗದಿಂದಲೂ ಕಂಡುಹಿಡಿದು ಓದುವ ಉಪಕರಣಗಳನ್ನು ಮಾಡಿದರು. ಕಡೆಗೆ ೨೦೧೦ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ಸಮಗ್ರ ವಿವರಣೆಯನ್ನು ಪ್ರಕಟಿಸಿತು. ಅಂದಿನಿಂದ ಪಿಎಸ್‌ಟಿಯು ಗುಪ್ತಲಿಪಿಯಾಗಿ ಉಳಿಯಲಿಲ್ಲ.

ಮೇಲಣ ಮೂರು ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶವು ಸ್ಪಷ್ಟವಾಗುವುದು. ತಂತ್ರಾಂಶವು ಜನಪ್ರಿಯವಾಗಿದ್ದಿತೇ, ಅದನ್ನು ಮಾಡಿದ ಸಂಸ್ಥೆಯು ಶ್ರೀಮಂತವಾಗಿದ್ದಿತೇ ಎಂಬುದರಿಂದ ಪತ್ರಗಳ ಆಯುಷ್ಯವು ನಿರ್ಣಯವಾಗಲಿಲ್ಲ. ಪೆಟ್ಟಿಗೆಯ ರಚನೆಯನ್ನು ಲೋಕಕ್ಕೆ ತಿಳಿಯುವಂತೆ ಬರೆದಿಟ್ಟಿದ್ದರೇ ಇಲ್ಲವೇ ಎಂಬುದೇ ಮುಖ್ಯವಾಯಿತು. ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯು ದೊರಕಿದಾಗ ಅದು ಗ್ರಂಥಲಿಪಿಯಲ್ಲಿದ್ದಿತು. ಗ್ರಂಥಲಿಪಿಯನ್ನು ಗುರುಶಿಷ್ಯ ಪರಂಪರೆಯಿಂದ ಕಲಿತವರು ಆಗ ಇದ್ದುದರಿಂದಲೇ ೧೯೦೯ರಲ್ಲಿ ಅದು ಅಚ್ಚಾಗಿ ಲೋಕವನ್ನು ಬೆರಗುಗೊಳಿಸಿತು. ಲಿಪಿಯು ಒಂದು ಮನೆತನದ ಗುಟ್ಟಾಗಿದ್ದು ಆ ಮನೆತನವು ಅಳಿದಿದ್ದರೆ, ಗರಿಗಳು ಇದ್ದೂ ಇಲ್ಲದಂತಾಗುತ್ತಿದ್ದುವು.

ಹಳೆಯ ಇ-ಮೇಲುಗಳನ್ನು ಉದ್ಧರಿಸುವುದು ಕೇವಲ ಕುತೂಹಲದ ಕೆಲಸವೆಂದು ಭಾವಿಸುವವರು ಅಮೆರಿಕದ ರಾಜಕೀಯ ಚರಿತ್ರೆಯ ಒಂದು ಪ್ರಕರಣವನ್ನು ನೆನೆಯಬಹುದು. ೧೯೮೬ರಲ್ಲಿ ಅಲ್ಲಿಯ ಅಧ್ಯಕ್ಷರ ಭವನದಲ್ಲಿ ಇರಾನಿಗೆ ಆಯುಧಗಳನ್ನು ಮಾರಿದ ಹಣವನ್ನು ನಿಕರಾಗ್ವದ ಬಂಡಾಯಗಾರರಿಗೆ ಒದಗಿಸಿದ ಸಂಗತಿಯು ಬಯಲಾಯಿತು. ಆ ಕಾರ್ಯದಲ್ಲಿದ್ದ ಜಾನ್ ಪಾಯಿಂಡೆಕ್ಸ್‌ಟರ್, ಆಲಿವರ್ ನಾರ್ತ್ ಎಂಬ ಅಧಿಕಾರಿಗಳು ತಮ್ಮ ಗಣಕಯಂತ್ರದಲ್ಲಿದ್ದ ಸಾವಿರಾರು ಸಂದೇಶಗಳನ್ನು ಅಳಿಸಿಹಾಕಿದರು. ಆದರೆ ಐಬಿಎಂ ಸಂಸ್ಥೆಯ "ಪ್ರಾಫ್ಸ್" ಎಂಬ ಆ ಪದ್ಧತಿಯಲ್ಲಿ ಬರಹಗಳನ್ನೆಲ್ಲ ಕಾಲಕಾಲಕ್ಕೆ ಟೇಪುಗಳಿಗೆ ನಕಲುಮಾಡಿ ಇಡುವ ರೂಢಿಯಿದ್ದಿತು. ಅಳಿಸಿದ ಸಂದೇಶಗಳು ಆ ಟೇಪುಗಳಿಂದ ಹೊರಬಂದು, ೧೯೮೭ರ ವಿಚಾರಣೆಗಳಿಗೆ ಮುಖ್ಯವಾದ ಸಾಕ್ಷ್ಯವಾದುವು.

ಕಥೆಯು ಅಲ್ಲಿಗೇ ಮುಗಿಯಲಿಲ್ಲ. ೧೯೮೯ರ ಜನವರಿಯಲ್ಲಿ ಅಧ್ಯಕ್ಷ ರೇಗನ್ ಅವರು ಅಧಿಕಾರವನ್ನು ಬಿಡುವ ಹೊತ್ತಿನಲ್ಲಿ ಆ ಟೇಪುಗಳನ್ನು ಅಳಿಸಲು ಹವಣಿಕೆ ನಡೆಯಿತು. ಸ್ಕಾಟ್ ಆರ್ಮ್‌ಸ್ಟ್ರಾಂಗ್ ಎಂಬ ಪತ್ರಿಕೋದ್ಯಮಿಯೂ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಸಂಸ್ಥೆಯೂ ನ್ಯಾಯಾಲಯವನ್ನು ಸೇರಿ ತಡೆಯಾಜ್ಞೆಯನ್ನು ಪಡೆದರು. ಮುಖ್ಯವಾದುದನ್ನು ಕಾಗದದ ಮೇಲೆ ಮುದ್ರಿಸಿಕೊಂಡರೆ ಸಾಕೆಂಬುದು ಸರ್ಕಾರದ ವಾದ. ೧೯೯೩ರಲ್ಲಿ ವಾಷಿಂಗ್ಟನ್ನಿನ ಅಪೀಲು ನ್ಯಾಯಾಲಯವು ಆ ವಾದವನ್ನು ಒಪ್ಪಲಿಲ್ಲ. ಪತ್ರವನ್ನು ಯಾರು ಯಾರು ಪಡೆದರು, ಯಾವಾಗ ಪಡೆದರು ಎಂಬ ವಿವರಗಳು ಗಣಕಯಂತ್ರದ ಪ್ರತಿಯಲ್ಲಿದ್ದು ಕಾಗದದ ಪ್ರತಿಯಲ್ಲಿ ಬಿಟ್ಟುಹೋಗಬಹುದಾದುದರಿಂದ, ಎರಡೂ ಒಂದೇ ಅಲ್ಲವೆಂದು ಅದು ತೀರ್ಮಾನಿಸಿತು. ಚರಿತ್ರಕಾರರಿಗೆ ಈ ತೀರ್ಪು ಬಹಳ ಮುಖ್ಯವಾದುದು. ಹಳೆಯ ಕಾಗದಗಳಲ್ಲಿ ಯಾವುದು ಯಾವುದಕ್ಕೆ ಉತ್ತರವೆಂಬುದನ್ನು ನಾವು ಒಕ್ಕಣೆಯಿಂದ ಊಹಿಸಬೇಕು. ಇ-ಮೇಲಿನ ತಲೆಯ ಸಾಲುಗಳಲ್ಲಿ ಬರೆದ ಗಳಿಗೆ, ಪತ್ರಕ್ಕೆ ಸ್ವಂತವಾದ ಗುರುತು, ಅದು ಉತ್ತರವಾಗಿದ್ದರೆ ಮೂಲಪತ್ರದ ಗುರುತು ಇವೆಲ್ಲವೂ ಸಾಮಾನ್ಯವಾಗಿ ದೊರೆಯುವುವು.

ಈಗ ಕನ್ನಡನಾಡಿನ ಕಡೆಗೆ ತಿರುಗೋಣ. ಭಾರತದಲ್ಲಿ ೧೯೮೬ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಯೂ ಸೇರಿದ್ದಿತು. ವಿದ್ವಾಂಸರಿಗೆ ಇ-ಮೇಲು ಆಗಲೇ ಪರಿಚಯವಾಯಿತು. ಸಾಮಾನ್ಯ ಜನರಿಗೆ ಇಂಟರ್ನೆಟ್ಟು ದೊರೆತುದು ವಿದೇಶ ಸಂಚಾರ ನಿಗಮದ ಮೂಲಕ ೧೯೯೫ರ ಆಗಸ್ಟ್ ೧೫ರಿಂದ. ಸರಿಯಾಗಿ ಅದೇ ಕಾಲದಲ್ಲಿ ನಮ್ಮ ಮಕ್ಕಳು ಉದ್ಯೋಗಕ್ಕಾಗಿ ಸಮುದ್ರವನ್ನು ದಾಟತೊಡಗಿದರು. ಹಿಂದೆ ನೀಲಿಯ ಏರೋಗ್ರಾಮ್ ಕಾಗದಗಳು ಬರುತ್ತಿದ್ದ ಮನೆಗಳಲ್ಲಿ ಆ ಕಾಗದಗಳು ನಿಂತು ಇ-ಮೇಲುಗಳು ಬರತೊಡಗಿದುವು. ಏರೋಗ್ರಾಮುಗಳು ಟ್ರಂಕುಗಳಲ್ಲಿ ಇಂದಿಗೂ ಇವೆ. ಅವುಗಳ ಬಳಿಕ ಬಂದವು ಎಲ್ಲಿವೆ ಎಂದು ಕೇಳಿದರೆ ಬಹುಮಂದಿಗೆ ಉತ್ತರವು ತೋಚದು.

ಕನ್ನಡದ ಪತ್ರಗಳಿಗೆ ಪೆಟ್ಟಿಗೆಯ ತೊಡಕಿನ ಮೇಲೆ ಲಿಪಿಯ ತೊಡಕೂ ಸೇರಿಕೊಂಡಿತು. ಮೊದಲ ಕಟ್ಟಳೆಗಳ ಪ್ರಕಾರ ಪತ್ರದಲ್ಲಿ ೧೨೮ ಸಂಕೇತಗಳು ಮಾತ್ರ ಸಲ್ಲುತ್ತಿದ್ದುವು. ಅವು ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಎಡೆಯಿಲ್ಲ. ಆದುದರಿಂದ ನಮ್ಮವರು ಕನ್ನಡದ ಮಾತುಗಳನ್ನು ರೋಮನ್ ಅಕ್ಷರಗಳಲ್ಲಿ ಬರೆದರು. ಇದರಲ್ಲಿ "ಹಾಲು" ಎಂಬುದಕ್ಕೂ "ಹಾಳು" ಎಂಬುದಕ್ಕೂ ಭೇದವು ಉಳಿಯಲಿಲ್ಲ. ಸಂದರ್ಭವನ್ನು ಬಲ್ಲವರೇ ಓದಬೇಕು. ೧೯೯೨ರಲ್ಲಿ "ಮೈಮ್" ಎಂಬ ಕಟ್ಟಳೆಯು ಬಂದು ಇತರ ಲಿಪಿಗಳಿಗೂ ಚಿತ್ರಗಳಿಗೂ ಪತ್ರದಲ್ಲಿ ಅವಕಾಶವಾಯಿತು. ಸಮಸ್ತ ಲಿಪಿಗಳನ್ನು ಒಳಗೊಂಡ ಯೂನಿಕೋಡ್ ಪದ್ಧತಿಯು ೧೯೯೧ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿದ್ದಿತು. ಆದರೆ ವಿಂಡೋಸ್ ಯಂತ್ರಗಳೊಡನೆ ಯೂನಿಕೋಡಿನ ಕನ್ನಡ ಫಾಂಟು ಬಂದುದು ೨೦೦೧ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅಲ್ಲಿಯವರೆಗೂ, ಅದಾದ ಮೇಲೆಯೂ ಅನೇಕ ವರ್ಷ, ಜನರು ಬಳಸಿದುದು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ಚೂರುಗಳನ್ನು ಕೂರಿಸಿದ ಫಾಂಟುಗಳನ್ನು.

ಇದರ ಸ್ವರೂಪವನ್ನು ಒಂದು ಉದಾಹರಣೆಯಿಂದ ವಿವರಿಸುವೆನು. ಕನ್ನಡ ಗಣಕ ಪರಿಷತ್ತಿನವರ "ನುಡಿ" ತಂತ್ರಾಂಶದ ಹಳೆಯ ಫಾಂಟಿನಲ್ಲಿ "ಕ" ಎಂಬ ಅಕ್ಷರವು ಎರಡು ಚೂರುಗಳಿಂದಾಗುವುದು: ತಲೆಕಟ್ಟಿಲ್ಲದ ಒಡಲು ಒಂದು, ತಲೆಕಟ್ಟು ಒಂದು. ಒಡಲು ರೋಮನ್ನಿನ "ಪಿ" ಅಕ್ಷರದ ಮನೆಯಲ್ಲಿಯೂ, ತಲೆಕಟ್ಟು ಮೇಲೆ ಓರೆಗೆರೆಯುಳ್ಳ ದೊಡ್ಡ "ಎ" ಅಕ್ಷರದ ಮನೆಯಲ್ಲಿಯೂ ಇರುವುವು. ಫಾಂಟು ಇದ್ದರೆ "ಕ" ಎಂದು ಕಾಣುವುದು. ಇಲ್ಲದಿದ್ದರೆ ಆ ಎರಡು ರೋಮನ್ ಅಕ್ಷರಗಳೇ ಕಾಣುವುವು. ಹೀಗೆ ಪುಟಪೂರ್ತಿ ಅರ್ಥವಿಲ್ಲದ ರೋಮನ್ ಅಕ್ಷರಗಳು, ನಡುನಡುವೆ ಓರೆಗೆರೆಯ "ಎ" ಪದೇ ಪದೇ ಬರುತ್ತಿದ್ದರೆ, ಅದು ಕನ್ನಡದ ತಲೆಕಟ್ಟೆಂದು ತಿಳಿಯಬಹುದು. ನಮ್ಮ ಭಾಷೆಯಲ್ಲಿ ಅಕಾರವು ಎಷ್ಟು ಹೆಚ್ಚೆಂಬುದು ಎಲ್ಲರಿಗೂ ಗೊತ್ತು. ಪುನಃ "ದಾನಂ" ಎಂಬ ಕೀಲಿಕೈಯ ನ್ಯಾಯವೇ ಇದು.

ಕೆಲವು ಪತ್ರಗಳಿಗೆ ದಾರಿಯಲ್ಲಿಯೇ ಅಂಗಭಂಗವಾದುದೂ ಉಂಟು. ಹಳೆಯ ಕೆಲವು ಅಂಚೆಯಂತ್ರಗಳು ಪ್ರತಿಯೊಂದು ಸಂಕೇತದ ಎಂಟು ಬಿಟ್ಟುಗಳಲ್ಲಿ ಮೇಲಿನ ಒಂದನ್ನು ಕತ್ತರಿಸಿ ಏಳನ್ನು ಮಾತ್ರ ಸಾಗಿಸುತ್ತಿದ್ದುವು. ಹಾಗೆ ಕತ್ತರಿಸಿದರೆ ಮೇಲೆ ಹೇಳಿದ ತಲೆಕಟ್ಟಿನ ಸಂಕೇತವು ಲೆಕ್ಕದ ಪ್ರಕಾರ "ಅಟ್" ಚಿಹ್ನೆಯಾಗಿ ಮಾರ್ಪಡುವುದು. ಟಾಮ್ಲಿನ್‌ಸನ್ನರು ವಿಳಾಸಕ್ಕಾಗಿ ಆರಿಸಿದ ಚಿಹ್ನೆಯು ಹೀಗೆ ಕನ್ನಡದ ತಲೆಕಟ್ಟಿನ ಸ್ಥಾನದಲ್ಲಿ ಬಂದು ಕುಳಿತಿತು! ಇಂತಹ ಪತ್ರವನ್ನು ಯಂತ್ರವು ತಾನಾಗಿ ಸರಿಪಡಿಸಲಾರದು. ಭಾಷೆಯನ್ನು ಬಲ್ಲವರು ಪಕ್ಕದಲ್ಲಿ ಕುಳಿತು, ತ್ರುಟಿತ ಶಾಸನವನ್ನು ತುಂಬುವಂತೆ, ಪದಪದವನ್ನೂ ಊಹಿಸಿ ತುಂಬಬೇಕು.

ನಮ್ಮ ಕಡೆಯ ಒಂದು ಮನೆತನದ ಪತ್ರಗಳನ್ನು ಹೀಗೆ ಓದುವ ಕಾರ್ಯದಲ್ಲಿ ನಾನು ಭಾಗಿಯಾಗಿದ್ದೆನು. ಮಗಳು ೧೯೯೭ರಲ್ಲಿ ಅಮೆರಿಕಕ್ಕೆ ಹೋದವಳು. ವಾರಕ್ಕೊಮ್ಮೆ ಬೆಂಗಳೂರಿನಲ್ಲಿದ್ದ ಅಣ್ಣನ ವಿಳಾಸಕ್ಕೆ ಬರೆಯುತ್ತಿದ್ದಳು. ಅಣ್ಣನು ಅದನ್ನು ಟೆಲಿಫೋನಿನಲ್ಲಿ ತಾಯಿಗೆ ಓದಿ ಹೇಳಿ, ತಾಯಿಯು ಹೇಳಿದ ಉತ್ತರವನ್ನು ಆಕೆಯ ಮಾತಿನಲ್ಲಿಯೇ ಬರೆದು ಕಳುಹಿಸುತ್ತಿದ್ದನು. ತಾಯಿಯೂ ಅಣ್ಣನೂ ಈಗ ಇಲ್ಲ. ಉಳಿದುದು ಒಂದು ಸಿ.ಡಿ.; ಅದರಲ್ಲಿ ಯೂಡೋರದ ಪೆಟ್ಟಿಗೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಯಂತ್ರದ ಭಾಗವನ್ನು ನೋಡಿಕೊಂಡನು. ಓದುವ ಭಾಗವು ನನ್ನದಾಯಿತು. ಮೊದಲ ವರ್ಷಗಳ ಪತ್ರಗಳು ರೋಮನ್ ಅಕ್ಷರಗಳಲ್ಲಿಯೂ ಮುಂದಿನವು "ನುಡಿ" ಫಾಂಟಿನಲ್ಲಿಯೂ ಇದ್ದುವು. ಆ ವರ್ಷದ ಮಳೆ, ಅಡಕೆಯ ಧಾರಣೆ, ಕೊಟ್ಟಿಗೆಯ ಹಸು ಈದ ದಿನ, ಬಾಣಂತಿಯಾದ ಮಗಳಿಗೆ ಕಷಾಯದ ಕ್ರಮ, ಭಾಗವಾದ ಜಮೀನಿನ ವಿಚಾರದಲ್ಲಿ ತಾಯಿಯು ಯಾರ ಮುಂದೆಯೂ ಆಡದೆ ಮಗಳಿಗೆ ಮಾತ್ರ ತಿಳಿಸಿದ ದುಃಖ, ಇವೆಲ್ಲವೂ ದಿನಾಂಕ ಸಹಿತವಾಗಿ ಹೊರಬಂದುವು. ತೋಟದ ಬಾವಿಯು ಬತ್ತಿದುದು ಯಾವ ವರ್ಷವೆಂಬ ವಿಷಯದಲ್ಲಿ ಮನೆಯವರಲ್ಲಿದ್ದ ಭಿನ್ನಾಭಿಪ್ರಾಯವು ಒಂದು ಪತ್ರದಿಂದ ತೀರಿತು. ಆದರೆ ಮೊಮ್ಮಗುವಿನ ಮೊದಲ ಭಾವಚಿತ್ರಗಳು ಬಂದ ಕಡೆಯಲ್ಲೆಲ್ಲ ಲಗತ್ತಿನ ಹೆಸರನ್ನು ಹೇಳುವ ಸಾಲು ಮಾತ್ರ ಇದ್ದಿತು. ಚಿತ್ರಗಳಿದ್ದ ಯಂತ್ರವನ್ನು ಬಹಳ ಹಿಂದೆಯೇ ಗುಜರಿಗೆ ಹಾಕಿದ್ದರು. ಆ ತಾಯಿಗೆ ಅಕ್ಷರಾಭ್ಯಾಸವಾಗಿರಲಿಲ್ಲ. ಆಕೆಯ ಮಾತು ಬರಹರೂಪದಲ್ಲಿ ಉಳಿದುದು ಈ ಒಂದು ಫೈಲಿನಲ್ಲಿ ಮಾತ್ರ. ನಮ್ಮ ಜಿಲ್ಲೆಯ ಸಾಮಾಜಿಕ ಚರಿತ್ರೆಯನ್ನು ಮುಂದೆ ಬರೆಯತಕ್ಕವರಿಗೆ ಇಂತಹ ಮಾತುಗಳು ಬೇರೆ ಯಾವ ದಫ್ತರದಲ್ಲಿ ದೊರೆತಾವು?

ಇನ್ನು ಕಾರ್ಯಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಹಸ್ತಪ್ರತಿಗಳ ಸಂಪಾದನೆಯನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಪುಣೆಯ ಭಾಂಡಾರ್ಕರ್ ಸಂಶೋಧನ ಮಂದಿರದಲ್ಲಿ ವಿ. ಎಸ್. ಸುಕ್ಥಂಕರರು ಮಹಾಭಾರತದ ಆದಿಪರ್ವವನ್ನು ೧೯೩೩ರಲ್ಲಿ ಸಂಪಾದಿಸಿ ಪೂರೈಸಿದಾಗ ತಾವು ಗ್ರಹಿಸಿದ ಪಾಠವನ್ನು ಮೇಲೆಯೂ ಪ್ರತಿಗಳ ಪಾಠಾಂತರಗಳನ್ನು ಕೆಳಗೆಯೂ ಕೊಟ್ಟು, ಓದುಗನು ತಾನೇ ಪರೀಕ್ಷಿಸುವಂತೆ ಮಾಡಿದರು. ಇಲ್ಲಿಯೂ ಹಾಗೆಯೇ ನಡೆಯಬೇಕು. ಮೊದಲನೆಯದಾಗಿ, ಸಿಕ್ಕಿದ ಮೂಲ ಫೈಲನ್ನು ಮುಟ್ಟದೆ ಅದರ ನಕಲನ್ನು ಮಾಡಿ, ನಕಲಿನ ಮೇಲೆ ಮಾತ್ರ ಕೆಲಸಮಾಡಬೇಕು. ಹಳೆಯ ಫೈಲನ್ನು ಹೊಸ ತಂತ್ರಾಂಶದಿಂದ ನೇರವಾಗಿ ತೆರೆದರೆ ಅದು ಒಳಗಣ ಸೂಚಿಯನ್ನು ತಿದ್ದಿಬರೆಯುವ ಅಪಾಯವುಂಟು. ಎರಡನೆಯದಾಗಿ, ಫೈಲಿನ ಸಮಸ್ತ ಸಂಕೇತಗಳಿಂದ ಲೆಕ್ಕಹಾಕಿ ಪಡೆಯುವ ಒಂದು ಮುದ್ರಾಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಒಂದೇ ಒಂದು ಅಕ್ಷರವು ಬದಲಾದರೂ ಆ ಸಂಖ್ಯೆಯು ಬದಲಾಗುವುದರಿಂದ, ಪ್ರತಿಯು ಶುದ್ಧವೆಂದು ಮುಂದೆ ಎಂದಾದರೂ ತೋರಿಸಬಹುದು. ಮೂರನೆಯದಾಗಿ, ಪೆಟ್ಟಿಗೆಯಿಂದ ಪತ್ರಗಳನ್ನು ಎಂಬಾಕ್ಸಿನಂತಹ ಬಹಿರಂಗವಾದ ರೂಪಕ್ಕೆ ತರಬೇಕು. ಲಗತ್ತುಗಳ ಫೋಲ್ಡರನ್ನು ಹುಡುಕಿ ಜೊತೆಗೆ ಸೇರಿಸಬೇಕು. ನಾಲ್ಕನೆಯದಾಗಿ, ಕನ್ನಡದ ಒಕ್ಕಣೆಯನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತಿತ ಪಾಠದ ಪಕ್ಕದಲ್ಲಿ ಮೂಲವನ್ನೂ ಇಡಬೇಕು. ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದಲ್ಲಿ ತೋರಿಸಬೇಕು.

ಫಾಂಟು ಯಾವುದೆಂಬುದು ಕೆಲವು ವೇಳೆ ಪತ್ರದಲ್ಲಿಯೇ ಗೊತ್ತಾಗುವುದು. ಅಲಂಕಾರಸಹಿತವಾಗಿ ಕಳುಹಿಸಿದ ಪತ್ರಗಳಲ್ಲಿ ಫಾಂಟಿನ ಹೆಸರು ಮರೆಯಲ್ಲಿ 기ರದೆ ಸಂಕೇತಗಳ ನಡುವೆ ಬರೆದಿರುವುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದ ಅಶೋಕನ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಹೇಳಿ, "ಲಿಪಿಕಾರ"ನೆಂಬ ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿರುವನು. ಒಂದೇ ಬಂಡೆಯ ಮೇಲೆ ಎರಡು ಲಿಪಿಗಳಿರುವುದನ್ನು ಗಮನಿಸಿದುದರಿಂದಲೇ ಅವನು ಎಲ್ಲಿಯ ಲಿಪಿಯಲ್ಲಿ ಪಳಗಿದವನೆಂಬುದು ತಿಳಿಯಿತು. ಇ-ಮೇಲಿನಲ್ಲಿಯೂ ಇಂತಹ ಚಿಕ್ಕ ಗುರುತುಗಳನ್ನು ಕಸವೆಂದು ತೆಗೆದುಹಾಕಬಾರದು.

ದೊಡ್ಡ ಗ್ರಂಥಾಲಯಗಳು ಈ ಕಾರ್ಯವನ್ನು ಕೈಗೊಂಡಿವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗ್ರಂಥಾಲಯದವರು ಸಾಹಿತಿಗಳೇ ಮೊದಲಾದವರ ಇ-ಮೇಲುಗಳನ್ನು ಪರಿಶೀಲಿಸಿ ವಿಂಗಡಿಸಲು "ಇಪ್ಯಾಡ್" ಎಂಬ ತಂತ್ರಾಂಶವನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟಿರುವರು. ನಮ್ಮಂತಹ ಮನೆಗಳ ಪತ್ರಗಳಿಗಾಗಿ ಯಾವ ಗ್ರಂಥಾಲಯವೂ ಬಂದು ಬಾಗಿಲು ತಟ್ಟುವುದಿಲ್ಲ. ಇದನ್ನು ಮನೆಯವರೇ ಮಾಡಿಕೊಳ್ಳಬೇಕು.

ಇಲ್ಲಿ ಧರ್ಮದ ಪ್ರಶ್ನೆಯೊಂದುಂಟು. ಪತ್ರವು ಬರೆದವರದೂ ಹೌದು, ಪಡೆದವರದೂ ಹೌದು. ಅದರಲ್ಲಿ ಹೆಸರಿಸಲ್ಪಟ್ಟ ಮೂರನೆಯವರಿಗೂ ಅದರಿಂದ ನೋವಾದೀತು. ಬೀಗವನ್ನು ತೆಗೆಯಲು ಶಕ್ತಿಯಿದೆ ಎಂದ ಮಾತ್ರಕ್ಕೆ ಒಳಗಿರುವುದನ್ನೆಲ್ಲ ಬೀದಿಗೆ ತರುವ ಅಧಿಕಾರವು ಬಾರದು. ಮೇಲೆ ಹೇಳಿದ ಮನೆಯಲ್ಲಿ ಜಮೀನಿನ ವಿಚಾರದ ಪತ್ರಗಳನ್ನು ಮಗಳು ಬೇರೆ ಲಕೋಟೆಯಲ್ಲಿಟ್ಟು, ತನ್ನ ಕಾಲಾನಂತರ ತೆರೆಯಬೇಕೆಂದು ಬರೆದಿಟ್ಟಳು. ಇದು ಯುಕ್ತವಾದ ಮಾರ್ಗವೆಂದು ನನಗೆ ತೋರುವುದು. ಉಳಿಸುವುದು ಒಂದು ಕೆಲಸ, ಪ್ರಕಟಿಸುವುದು ಬೇರೊಂದು ಕೆಲಸ. ಎರಡನೆಯದಕ್ಕೆ ಅವಸರವಿಲ್ಲ, ಮೊದಲನೆಯದಕ್ಕೆ ಅವಸರವುಂಟು.

ಅವಸರವೇಕೆಂದರೆ, ಮನೆಯಲ್ಲಿಯೇ ಬರೆದುಕೊಂಡ ಸಿ.ಡಿ.ಗಳ ಬಣ್ಣದ ಪದರವು ವರ್ಷಗಳು ಕಳೆದಂತೆ ಕೆಡುತ್ತದೆ. ಅವುಗಳನ್ನು ಓದುವ ಕಂಡಿಯು ಹೊಸ ಯಂತ್ರಗಳಲ್ಲಿ ವಿರಳವಾಗಿದೆ. ಫ್ಲಾಪಿಯನ್ನು ಓದುವ ಯಂತ್ರಗಳಂತೂ ಅಪರೂಪ. ಅದಕ್ಕಿಂತ ಮುಖ್ಯವಾಗಿ, ರೋಮನ್ ಅಕ್ಷರಗಳ ಕನ್ನಡವನ್ನು ನೋಡಿ ಅದು "ಹಾಲೋ" "ಹಾಳೋ" ಎಂದು ಹೇಳಬಲ್ಲ, ಆ ಊರಿನ ಮಾತನ್ನೂ ಆ ಮನೆಯ ಸಂಗತಿಯನ್ನೂ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿರುವರು. ಯಂತ್ರವು ಪೆಟ್ಟಿಗೆಯನ್ನು ತೆರೆದೀತು. ಒಳಗಣ ಮಾತು ಯಾರದೆಂಬುದನ್ನು ಹೇಳಲು ಮನುಷ್ಯರು ಬೇಕು. ಆದಕಾರಣ ವಾಚಕ ಮಹಾಶಯರು ತಮ್ಮ ಮನೆಯ ಕಪಾಟುಗಳಲ್ಲಿರುವ ಸಿ.ಡಿ.ಗಳನ್ನೂ ಮೂಲೆಗೆ ಸೇರಿದ ಹಳೆಯ ಯಂತ್ರಗಳನ್ನೂ ಗುಜರಿಗೆ ಹಾಕುವ ಮುನ್ನ ಒಮ್ಮೆ ಪರೀಕ್ಷಿಸಬೇಕೆಂದೂ, ಗಣಕಯಂತ್ರವನ್ನು ಬಲ್ಲ ಮೊಮ್ಮಕ್ಕಳೊಬ್ಬರನ್ನೂ ಊರಿನ ಮಾತನ್ನು ಬಲ್ಲ ಹಿರಿಯರೊಬ್ಬರನ್ನೂ ಜೊತೆಯಲ್ಲಿ ಕುಳ್ಳಿರಿಸಿಕೊಂಡು ಈ ಕಾರ್ಯವನ್ನು ಈ ವರ್ಷವೇ ಆರಂಭಿಸಬೇಕೆಂದೂ ಪ್ರಾರ್ಥಿಸುವೆನು.